ಗಿಟಾರ್ ಕೂಗಲಿ, ಆದರೆ ನೀವು ಹೇಳಿದಾಗ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಫೀಡ್‌ಬ್ಯಾಕ್ (ಒಮ್ಮೆ ನುಡಿಸಿದ ಸ್ವರ ನಿಲ್ಲದೆ ತಾನೇ ಕೂಗುತ್ತಾ ಹೋಗುವುದು) ಬೇಕು ಅಂದರೆ 100 ವ್ಯಾಟ್ ಆಂಪ್ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಇರಲೇಬೇಕು, ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಫ್ಲ್ಯಾಟ್‌ನಲ್ಲಿ ಅದೆಲ್ಲ ಆಗಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಹಾಗೇನಿಲ್ಲ. ನಾನು ಮನೆಯಲ್ಲಿ 10 ವ್ಯಾಟ್‌ನ ಪುಟ್ಟ ಆಂಪ್‌ನಲ್ಲೇ ಮಾಡುತ್ತೇನೆ, ಪಕ್ಕದ ಮನೆಯವರು ಒಂದು ದಿನವೂ ಬಾಗಿಲು ತಟ್ಟಿಲ್ಲ.

ಸ್ಪೀಕರ್‌ನ ಸದ್ದು ತಂತಿಯನ್ನು ಮತ್ತೆ ಅಲುಗಾಡಿಸುತ್ತದೆ, ತಂತಿಗಳ ಕೆಳಗಿರುವ ಪಿಕಪ್ ಆ ನಡುಕವನ್ನು ಹಿಡಿದು ಆಂಪ್‌ಗೆ ಕಳಿಸುತ್ತದೆ. ಈ ಸುತ್ತು ಮುಂದುವರಿದಷ್ಟು ಹೊತ್ತು ಸ್ವರ ಸಾಯುವುದಿಲ್ಲ. ಅಷ್ಟೇ ವಿಷಯ.

ಚಿಕ್ಕ ಆಂಪ್ ಇದ್ದರೆ ಗೇನ್ (ಗಿಟಾರ್‌ನಿಂದ ಬರುವ ಸಂಕೇತವನ್ನು ಆಂಪ್ ಎಷ್ಟು ಹಿಗ್ಗಿಸುತ್ತದೆ ಅನ್ನುವ ನಾಬ್) ಜಾಸ್ತಿ ಇಡಿ, ವಾಲ್ಯೂಮ್ ಟಿವಿಯಷ್ಟು ಸಾಕು. ಸಣ್ಣ ಸದ್ದನ್ನು ತಾನಾಗಿಯೇ ಮುಚ್ಚಿಬಿಡುವ ನಾಯ್ಸ್ ಗೇಟ್ ಇದ್ದರೆ ಮೊದಲು ಆಫ್ ಮಾಡಿ, ಸ್ವರ ಮೇಲೇಳುವ ಹೊತ್ತಿಗೇ ಅದು ಕತ್ತರಿಸಿಬಿಡುತ್ತದೆ. ಮೂರನೇ ತಂತಿಯ 14ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ನುಡಿಸಿ, ಉಳಿದ ತಂತಿಗಳನ್ನು ಬಲಗೈ ಅಂಗೈಯಿಂದ ಅದುಮಿ, ಹೆಡ್‌ಸ್ಟಾಕ್ (ತಂತಿ ಬಿಗಿಸುವ ಗಿಟಾರ್‌ನ ತುದಿ) ಅನ್ನು ಆಂಪ್‌ನ ಮರದ ಪೆಟ್ಟಿಗೆಗೆ ಮೆಲ್ಲಗೆ ತಾಗಿಸಿ. ನಡುಕ ಮರದಿಂದ ಮರಕ್ಕೆ ಹೋಗುವುದರಿಂದ ಜೋರು ಸದ್ದೇ ಬೇಕಾಗಿಲ್ಲ. ಸ್ವರ ಇಳಿಯುತ್ತಾ ಬರುತ್ತದೆ, ಇನ್ನೇನು ಹೋಯಿತು ಅನ್ನುವಾಗ ಒಳಗಿನಿಂದ ತೆಳ್ಳಗೆ ಇನ್ನೊಂದು ಸ್ವರ ಏಳುತ್ತದೆ, ಎಡಗೈ ಬೆರಳಿನ ತುದಿಗೆ ಜುಮ್ ಅನ್ನುತ್ತದೆ. ಆ ಕ್ಷಣ ನನಗೆ ಇವತ್ತಿಗೂ ಖುಷಿ.

ಬ್ಯಾಂಡ್‌ಗಳು ಅಭ್ಯಾಸ ಮಾಡುವ ಜ್ಯಾಮ್ ರೂಮಿನ ದೊಡ್ಡ ವಾಲ್ವ್ ಆಂಪ್‌ನಲ್ಲಿ (ಗಾಜಿನ ವಾಲ್ವ್‌ಗಳಿಂದ ಓಡುವ ಆಂಪ್) ಆಟ ಬೇರೆ. ಅಲ್ಲಿ ಮುಖ್ಯ ಆಂಪ್‌ನಿಂದ ನೀವು ನಿಲ್ಲುವ ದೂರ. ಆ 14ನೇ ಫ್ರೆಟ್‌ನ ಸ್ವರ 440 ಹರ್ಟ್ಸ್, ಅದರ ಅಲೆಯ ಉದ್ದ ಸುಮಾರು 78 ಸೆಂಟಿಮೀಟರ್. ಅಂದರೆ ಅದರ ಅರ್ಧ, ಸುಮಾರು 39 ಸೆಂಟಿಮೀಟರ್, ಒಂದು ಚಿಕ್ಕ ಹೆಜ್ಜೆ ಹಿಂದೆ ಸರಿದರೆ ತಂತಿಯನ್ನು ತಳ್ಳುತ್ತಿದ್ದ ಸದ್ದೇ ಅದನ್ನು ತಡೆಯಬಹುದು, ಆಗ ಬೇರೆ ಸ್ವರ ಎದ್ದು ನಿಲ್ಲುತ್ತದೆ. 1977ರಲ್ಲಿ ಬರ್ಲಿನ್ ಸ್ಟುಡಿಯೋದಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಯಾವ ಸ್ವರಕ್ಕೆ ಎಲ್ಲಿ ನಿಲ್ಲಬೇಕು ಅಂತ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದರು. ನೀವೂ ಮಾಡಿ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.

ಲ್ಯಾಪ್‌ಟಾಪ್‌ನಲ್ಲಿ ನುಡಿಸುವವರು ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಕಾಯಬೇಡಿ, ತಂತಿಗೆ ಸದ್ದು ತಲುಪುವುದೇ ಇಲ್ಲ ಅಲ್ವಾ? ಸ್ಪೀಕರ್ ಹಚ್ಚಿ, ಗಿಟಾರ್ ಹತ್ತಿರ ತನ್ನಿ, ಇಳಿಯುವ ಸ್ವರವನ್ನು ಎತ್ತಿ ಹಿಡಿಯುವ ಕಂಪ್ರೆಸರ್ ಸೇರಿಸಿ. ಸಾಫ್ಟ್‌ವೇರ್‌ನ 3 ಮಿಲಿಸೆಕೆಂಡ್ ತಡ ಅಂದರೆ ನೀವು ಇನ್ನೊಂದು ಮೀಟರ್ ದೂರ ನಿಂತ ಹಾಗೆ, ಆದ್ದರಿಂದ ಜಾಗ ಮತ್ತೆ ಹುಡುಕಬೇಕಾಗುತ್ತದೆ. ಹೆಡ್‌ಫೋನ್‌ನಲ್ಲೇ ಬೇಕು ಅಂದರೆ ಇ-ಬೋ ಅನ್ನುವ ಕೈಯಲ್ಲಿ ಹಿಡಿಯುವ ಪುಟ್ಟ ಸಾಧನ ತೊಗೊಳ್ಳಿ, ಅದು ತಂತಿಯನ್ನು ಆಯಸ್ಕಾಂತದ ಬಲದಿಂದಲೇ ಅಲುಗಾಡಿಸುತ್ತದೆ.

ಅಂಧೇರಿಯಲ್ಲಿ ಒಮ್ಮೆ ಎಲ್ಲಾ ತಂತಿ ಅದುಮಿದರೂ ನನ್ನ ಗಿಟಾರ್ ಕೀಂ ಅಂತ ಕಿರುಚುತ್ತಲೇ ಇತ್ತು. ಅದು ತಂತಿಯ ಸ್ವರವಲ್ಲ, ಪಿಕಪ್‌ನೊಳಗಿನ ಸುರುಳಿಯೇ ಸಡಿಲವಾಗಿ ನಡುಗುತ್ತಿತ್ತು. ರಿಪೇರಿಯವರ ಹತ್ತಿರ ಪಿಕಪ್ ಅನ್ನು ಮೇಣದಲ್ಲಿ ಅದ್ದಿಸಿದ ಮೇಲೆ ಸರಿಹೋಯಿತು.

ನಿಲ್ಲಿಸುವುದನ್ನೂ ಕಲಿಯಿರಿ. ಕಿರುಬೆರಳು ಯಾವಾಗಲೂ ಗಿಟಾರ್‌ನ ವಾಲ್ಯೂಮ್ ನಾಬ್ ಮೇಲಿರಲಿ. ಮೊದಲು ನಾಬ್ ನಿಧಾನವಾಗಿ ಇಳಿಸಿ, ಆಮೇಲೆ ಅಂಗೈ ಇಡಿ.