ಕರು ಹಾಕಿದ ಹಸುವಿಗೆ ಬೈಪಾಸ್ ಫ್ಯಾಟ್: ನಾನು ಹಾಕುವ ಕ್ರಮ

ಕರು ಹಾಕಿದ 6ರಿಂದ 8 ವಾರದೊಳಗೆ ಹಾಲು ತುದಿ ಮುಟ್ಟುತ್ತದೆ. ಹೊಟ್ಟೆ ತುಂಬಾ ತಿನ್ನುವಷ್ಟು ಹಸಿವು ಮರಳಲು ಮಾತ್ರ 10–12 ವಾರ ಬೇಕು. ಆ ನಡುವೆ ಹಸು ಮೈ ಕರಗಿಸಿಯೇ ಹಾಲು ಕೊಡುತ್ತದೆ. ಪಕ್ಕೆಲುಬು ಎದ್ದು ಕಾಣುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿಗೆ ನಾನು ಬೈಪಾಸ್ ಫ್ಯಾಟ್ ಎಂಬ ಕೊಬ್ಬಿನ ಪುಡಿ ಕೊಡುವುದು ಈ ಕೊರತೆ ತುಂಬುವುದಕ್ಕೆ. ಡೈರಿಯಲ್ಲಿ ಹಾಲಿನ ಫ್ಯಾಟ್ ಏರಲಿ ಎಂದು ಯಾರಾದರೂ ಅಡುಗೆ ಎಣ್ಣೆ ಕುಡಿಸುತ್ತಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಹುಲ್ಲಿನ ನಾರನ್ನು ಕರಗಿಸುವುದು ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದಾದ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳು. ಬಿಡಿ ಎಣ್ಣೆ ನಾರಿನ ಮೇಲೆ ಪೊರೆಯಂತೆ ಕೂರುತ್ತದೆ, ಆ ಸೂಕ್ಷ್ಮಾಣುಗಳಿಗೂ ವಿಷವಾಗುತ್ತದೆ. ನಾರು ಕರಗದಿದ್ದರೆ ಹಾಲಿನ ಕೊಬ್ಬಿಗೆ ಬೇಕಾದ ಮೂಲವಸ್ತುವೇ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಎಣ್ಣೆ ಅಲ್ಲಿ ಅರೆಬರೆ ಬದಲಾಗಿ ಹುಟ್ಟುವ ಕೆಲವು ಆಮ್ಲಗಳು ಕೆಚ್ಚಲಿಗೆ ತಲುಪಿ, ಕೊಬ್ಬು ತಯಾರಾಗುವುದನ್ನೇ ತಡೆಯುತ್ತವೆ. ಅಂದರೆ ಎಣ್ಣೆ ಹೆಚ್ಚಾದಷ್ಟೂ ಫ್ಯಾಟ್ ಇಳಿಯುತ್ತದೆ. ಗೊಟ್ಟದಲ್ಲಿ, ಅಂದರೆ ಕುಡಿಸುವ ಕೊಳವೆಯಲ್ಲಿ, ಹುಯ್ಯುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಸುವೇ ಕೈತಪ್ಪುತ್ತದೆ. ನೊರೆಗಟ್ಟಿದ ಹೊಟ್ಟೆಯುಬ್ಬರಕ್ಕೆ ವೈದ್ಯರು ಎಣ್ಣೆ ಹೇಳುವುದುಂಟು. ಅದು ಒಂದು ಹೊತ್ತಿನ ಮದ್ದು, ದಿನದ ಆಹಾರವಲ್ಲ.

ಬೈಪಾಸ್ ಫ್ಯಾಟ್ ಎಂದರೆ ಕೊಬ್ಬಿನಾಮ್ಲಗಳನ್ನು ಕ್ಯಾಲ್ಸಿಯಂ ಜೊತೆ ಕಟ್ಟಿಹಾಕಿದ ಸಾಬೂನಿನಂಥ ಪುಡಿ (ಕ್ಯಾಲ್ಸಿಯಂ ಉಪ್ಪು). ದೊಡ್ಡ ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6ರ ಮೇಲಿದ್ದರೆ ಅದು ಬಹುಪಾಲು ಹಾಗೇ ದಾಟಿ, ನಾಲ್ಕನೇ ಹೊಟ್ಟೆಯ ಹುಳಿಯಲ್ಲಿ ಬಿಚ್ಚಿಕೊಂಡು ಸಣ್ಣ ಕರುಳಿನಲ್ಲಿ ಜೀರ್ಣವಾಗುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಗಂಜಿ, ಜೋಳದ ಹಿಟ್ಟು ಮಿತಿಮೀರಿ ಹಾಕಿದ ದಿನ ಪಿಎಚ್ ಕುಸಿದು ಪುಡಿ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆಗ ಕಾಸು ಕೊಟ್ಟು ಎಣ್ಣೆ ಹುಯ್ದಂತೆಯೇ ಆಯಿತು.

ಹೊಸ ಚೀಲ ತಂದ ದಿನ ಒಂದು ಚಮಚ ಪುಡಿಯನ್ನು ಗಾಜಿನ ಲೋಟದಲ್ಲಿ ಹಾಕಿ ಕುದಿಯುವ ನೀರು ಸುರಿಯುತ್ತೇನೆ. ಕ್ಯಾಲ್ಸಿಯಂ ಉಪ್ಪಾದರೆ ಕರಗುವುದಿಲ್ಲ, ಪುಡಿಯಾಗಿಯೇ ಉಳಿಯುತ್ತದೆ. ಮಣಿಯಂತಿರುವ ಇನ್ನೊಂದು ಬಗೆಯ ಬೈಪಾಸ್ ಫ್ಯಾಟ್ ಕರಗಿ, ಎಣ್ಣೆಯಾಗಿ ಮೇಲೆ ತೇಲುತ್ತದೆ. ಹಾಗೆ ತೇಲಿದರೆ ಅದು ಕಲಬೆರಕೆ ಎಂದಲ್ಲ, ಗಟ್ಟಿ ಕೊಬ್ಬು ಅಷ್ಟೆ. ಅದೂ ದೊಡ್ಡ ಹೊಟ್ಟೆಯ ಬಿಸಿಗೆ ಕರಗದೆ ದಾಟುತ್ತದೆ, ಆದರೆ ಅತಿ ಗಟ್ಟಿಯಾದದ್ದು ಕರುಳಿನಲ್ಲೂ ಸರಿಯಾಗಿ ಜೀರ್ಣವಾಗುವುದಿಲ್ಲ. ಕಮಟು ವಾಸನೆ ಬಂದರೆ ಚೀಲ ವಾಪಸ್ಸು.

ಪುಡಿ ಹಾಕುವ ಮೊದಲು ಮೇವಿನಲ್ಲಿ ಈಗಾಗಲೇ ಎಷ್ಟು ಕೊಬ್ಬಿದೆ ಎಂದು ಲೆಕ್ಕ ಹಾಕಿ. ದಿನಕ್ಕೆ 4 ಕಿಲೋ ರಾಗಿ ಹುಲ್ಲು, 30 ಕಿಲೋ ನೇಪಿಯರ್ ಹಸಿರು ಹುಲ್ಲು, 6 ಕಿಲೋ ಪಶು ಆಹಾರ ಎಂದಿಟ್ಟುಕೊಳ್ಳಿ. ಒಣ ತೂಕ ಸುಮಾರು 15 ಕಿಲೋ, ಅದರಲ್ಲಿ ಕೊಬ್ಬು ಹೆಚ್ಚುಕಡಿಮೆ 350 ಗ್ರಾಂ, ಶೇ 2.5ರೊಳಗೆ. 200 ಗ್ರಾಂ ಪುಡಿ ಸೇರಿಸಿದರೂ ಶೇ 3.5ರ ಆಸುಪಾಸಿನಲ್ಲೇ ಇರುತ್ತದೆ. ಒಟ್ಟು ಶೇ 6 ಮೀರಬಾರದು. ಜನ ಎಡವುವುದು ಗಿರಣಿಯ ಅಕ್ಕಿ ತೌಡಿನಲ್ಲಿ. ಎಣ್ಣೆ ತೆಗೆಯದ ತೌಡಿನಲ್ಲಿ ಶೇ 15ರ ಆಸುಪಾಸು ಎಣ್ಣೆಯಿರುತ್ತದೆ, 2 ಕಿಲೋ ಹಾಕಿದರೆ 300 ಗ್ರಾಂ ಬಿಡಿ ಎಣ್ಣೆ ಹೋದಂತೆ. ಅದರ ಮೇಲೆ ಇಡೀ ಹತ್ತಿಕಾಳು, ಗಾಣದ ಹಿಂಡಿಯೂ ಸೇರಿದರೆ ಮಿತಿ ಹತ್ತಿರ ಬಂತು. ತೌಡು ಕೆಲವೇ ದಿನಗಳಲ್ಲಿ ಕಮಟುತ್ತದೆ, ಆದ್ದರಿಂದ ನಾನು ಎಣ್ಣೆ ತೆಗೆದದ್ದನ್ನೇ ತರುತ್ತೇನೆ.

ಕರು ಹಾಕಲು 10 ದಿನ ಇರುವಾಗ 25 ಗ್ರಾಮಿನಿಂದ ಶುರು. ಸಾಬೂನಿನ ವಾಸನೆಗೆ ಹಸು ಮೂತಿ ತಿರುಗಿಸುತ್ತದೆ, ಅದಕ್ಕೇ ಈ ನಿಧಾನ. ಒದ್ದೆ ಮಾಡಿದ ಬೂಸಾ, ಹಿಂಡಿಯಲ್ಲಿ ಕಲಸಿಯೇ ಕೊಡುವುದು, ನೀರಿಗೆ ಹಾಕುವುದಿಲ್ಲ. ಕರು ಹಾಕಿದ ಮೇಲೆ 3–4 ದಿನಕ್ಕೊಮ್ಮೆ 50 ಗ್ರಾಂ ಏರಿಸಿ, ಲೀಟರ್ ಹಾಲಿಗೆ 10 ಗ್ರಾಂ ಲೆಕ್ಕಕ್ಕೆ ತರುತ್ತೇನೆ. 18 ಲೀಟರ್‌ಗೆ 180 ಗ್ರಾಂ, ಎರಡು ಹೊತ್ತಿಗೆ ಹಂಚಿ. 200 ದಾಟಿಸುವುದಿಲ್ಲ. 10 ಲೀಟರ್‌ಗಿಂತ ಕಡಿಮೆ ಕೊಡುವ ಹಸುವಿಗೆ ಬೇಡವೇ ಬೇಡ, ಆ ದುಡ್ಡಿಗೆ ಹಸಿರು ಮೇವು ಕೊಡಿ. ಗಬ್ಬದಲ್ಲಿ ಮೈ ತುಂಬಾ ದಪ್ಪಗಿರುವ ಹಸುವಿಗೂ ಮೊದಲೇ ಕೊಡುವುದಿಲ್ಲ.

ಪುಡಿಯಲ್ಲಿ ಕ್ಯಾಲ್ಸಿಯಂ ಇದ್ದರೂ ಖನಿಜ ಮಿಶ್ರಣ ನಿಲ್ಲಿಸಬೇಡಿ. ಕೊಬ್ಬು ಮೆಗ್ನೀಸಿಯಂ ಅನ್ನೂ ಕಟ್ಟಿಕೊಂಡು ಸಗಣಿಯಲ್ಲಿ ಹೊರಹಾಕುತ್ತದೆ. ಹಿಂಡಿಯನ್ನೂ ಕಡಿಮೆ ಮಾಡಬೇಡಿ, ಕೊಬ್ಬಿನಲ್ಲಿ ಪ್ರೋಟೀನ್ ಇಲ್ಲ. ಹಿಂಡಿ ತಗ್ಗಿಸಿದವರಿಗೆ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಕುಸಿದು ಡೈರಿಯಲ್ಲಿ ದರ ಕಡಿತವಾಗುತ್ತದೆ. ಹಾಲಿನಲ್ಲಿ, ಉಸಿರಿನಲ್ಲಿ ಸಿಹಿ ವಾಸನೆ ಬಂದು ಹಸು ಹಿಂಡಿ ಬಿಟ್ಟರೆ ಅದು ಕೀಟೋಸಿಸ್, ಮೈಕೊಬ್ಬು ಅತಿಯಾಗಿ ಕರಗಿದಾಗ ಬರುವ ರೋಗ. ಅದಕ್ಕೆ ಬೇಕಾದದ್ದು ಗ್ಲೂಕೋಸ್, ಕೊಬ್ಬಿನಿಂದ ಅದು ಹುಟ್ಟುವುದಿಲ್ಲ. ಪುಡಿ ಹೆಚ್ಚಿಸುತ್ತ ಕೂರದೆ ಪಶುವೈದ್ಯರನ್ನು ಕರೆಸಿ.

ವಾರಕ್ಕೊಮ್ಮೆ ಒಂದು ಹಿಡಿ ಸಗಣಿಯನ್ನು ಹಳೇ ಹಿಟ್ಟಿನ ಜರಡಿಗೆ ಹಾಕಿ, ನೀರು ತಿಳಿಯಾಗುವವರೆಗೆ ತೊಳೆಯುತ್ತೇನೆ. ಉಳಿದ ನಾರು ಸಣ್ಣಗೆ, ಮೆತ್ತಗೆ ಇದ್ದರೆ ಹೊಟ್ಟೆ ಸರಿಯಿದೆ. ಬೆರಳಿನ ಗೆಣ್ಣಿನಷ್ಟು ಉದ್ದದ ಹುಲ್ಲಿನ ಚೂರು, ಒಡೆಯದ ಜೋಳದ ಕಾಳು ಕಂಡರೆ ಮೊದಲು ತೌಡು, ಹತ್ತಿಕಾಳು ನಿಲ್ಲಿಸಿ ಒಣ ಹುಲ್ಲು ಹೆಚ್ಚಿಸುತ್ತೇನೆ. ನಾಲ್ಕು ದಿನದಲ್ಲಿ ಸುಧಾರಿಸದಿದ್ದರೆ ಪುಡಿಯನ್ನೂ ಅರ್ಧಕ್ಕೆ ಇಳಿಸುತ್ತೇನೆ. ಕರು ಹಾಕಿ 90 ದಿನ ತುಂಬಿದ ಮೇಲೆ ವಾರಕ್ಕೆ 50 ಗ್ರಾಂನಂತೆ ತಗ್ಗಿಸಿ ನಿಲ್ಲಿಸುವುದು. ಅಷ್ಟರಲ್ಲಿ ಹಸು ಮೇವಿನಲ್ಲೇ ಮೈ ಹಿಡಿದಿರುತ್ತದೆ.