ಮೈಗ್ರೇನ್ ಇರುವವರು ಕೆಲಸ ಆರಿಸುವಾಗ
ಮೈಗ್ರೇನ್ ಜೊತೆಗೆ ಬೆಳಕಿನ ಅಸಹನೆಯೂ ಇರುವವರು ಸಂಬಳಕ್ಕಿಂತ ಮೊದಲು ಕೂರುವ ಜಾಗದ ಬೆಳಕನ್ನು ವಿಚಾರಿಸುವುದು ಒಳ್ಳೆಯದು. ಮಡಿಕೇರಿಯ ಅಂಗಡಿಯೊಂದರಲ್ಲಿ ಮಿನುಗುವ ಟ್ಯೂಬ್‌ಲೈಟಿನ ಕೆಳಗೆ ಬಿಲ್ ಬರೆಯುತ್ತಿದ್ದಾಗ ನನಗೆ ವಾರಕ್ಕೆರಡು ಬಾರಿ ತಲೆನೋವು ಬರುತ್ತಿತ್ತು. ಈಗ ತೋಟವೊಂದರ ಲೆಕ್ಕಪತ್ರವನ್ನು ಮನೆಯಲ್ಲೇ, ಕಿಟಕಿ ಪಕ್ಕಕ್ಕೆ ಬರುವಂತೆ ಕುಳಿತು, ಪರದೆಯ ಪ್ರಖರತೆಯನ್ನು ಕೋಣೆಯ ಬೆಳಕಿಗೆ ಹೊಂದಿಸಿಕೊಂಡು ಬರೆಯುತ್ತೇನೆ. ಕಾಫಿ ತೋಟದ ನೆರಳು ಹಿತವೆನಿಸಿದರೂ (ನಾನೂ ಹಾಗೆಯೇ ನಂಬಿದ್ದೆ), ಎಲೆಗಳ ನಡುವೆ ಮಿಣುಕುವ ಬಿಸಿಲು ಮತ್ತು ಮಾರ್ಚ್–ಏಪ್ರಿಲ್‌ನ ಹೂವಿನ ಗಾಢ ಪರಿಮಳ ಕೆಲವರ ನೋವನ್ನು ಕೆರಳಿಸಬಹುದು. ಒಳಾಂಗಣದಲ್ಲಿ ಸದಾ ಕಪ್ಪು ಕನ್ನಡಕ ಧರಿಸಿದರೆ ಕಣ್ಣು ಕತ್ತಲೆಗೆ ಒಗ್ಗಿ ಅಸಹನೆ ಹೆಚ್ಚಬಹುದಾದ್ದರಿಂದ, ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಮಸೂರದ ಬಗ್ಗೆ ವೈದ್ಯರನ್ನು ಕೇಳಿರಿ.