ಸಿಸ್ಟಿಕ್ ಫೈಬ್ರೋಸಿಸ್: ಮಗಳಿಗೆ ಡಾಕ್ಟರನ್ನು ಹುಡುಕಿದ್ದು ಹೀಗೆ

ಬೆವರಿನ ಪರೀಕ್ಷೆಯಲ್ಲಿ ಮಗಳ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ದಾಟಿತ್ತು. ಎರಡನೇ ಸಲವೂ ಹಾಗೇ ಬಂತು. ಅಷ್ಟು ಬಂದರೆ ಸಿಸ್ಟಿಕ್ ಫೈಬ್ರೋಸಿಸ್ ಎಂದರ್ಥ: ಹುಟ್ಟಿನಿಂದಲೇ ಬರುವ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟಿಕೊಳ್ಳುವ ಕಾಯಿಲೆ. ಬಿಡದ ಕೆಮ್ಮು, ಏರದ ತೂಕ ನೋಡಿ ಅದಕ್ಕೂ ಮೊದಲು ಟಿಬಿ ಇರಬಹುದು ಎಂದು ಔಷಧಿಯೂ ನಡೆದಿತ್ತು. ನಮ್ಮಲ್ಲಿ ಈ ಮಕ್ಕಳಿಗೆ ಹೀಗಾಗುವುದು ಅಪರೂಪವೇನಲ್ಲ.

ಇನ್ನು ಮುಂದೆ ಯಾರಿಗೆ ತೋರಿಸುವುದು? ನೆಂಟರೆಲ್ಲ ದೊಡ್ಡ ಆಸ್ಪತ್ರೆಗಳ ಹೆಸರು ಹೇಳಿದರು. ಆದರೆ ಈ ಕಾಯಿಲೆ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಜಿಡ್ಡು ಅರಗುವುದಿಲ್ಲ, ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ಬೇಕು, ಎ, ಡಿ, ಇ, ಕೆ ವಿಟಮಿನ್ ಬೇಕು. ಮಕ್ಕಳ ಶ್ವಾಸಕೋಶ ತಜ್ಞರು, ಡಯಟೀಶಿಯನ್, ಫಿಸಿಯೋಥೆರಪಿಸ್ಟ್ ಪರಸ್ಪರ ಮಾತಾಡಿಕೊಳ್ಳುವ ಜಾಗ ನಮಗೆ ಬೇಕಿತ್ತು.

ಹೋದಲ್ಲೆಲ್ಲ ನಾನು ಕೇಳಿದ್ದು ಒಂದೇ: "ಮಗು ಚೆನ್ನಾಗಿದ್ದಾಗಲೂ ಕಲ್ಚರ್ ಮಾಡಿಸ್ತೀರಾ?" ಕಲ್ಚರ್ ಅಂದರೆ ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಸ್ಯೂಡೋಮೊನಾಸ್ ಎನ್ನುವ ಬ್ಯಾಕ್ಟೀರಿಯಾ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಶುರುವಿನಲ್ಲೇ ಸಿಕ್ಕರೆ ಆಂಟಿಬಯೋಟಿಕ್‌ನಿಂದ ಓಡಿಸಬಹುದು, ಬೇರೂರಿದ ಮೇಲೆ ಬಹಳ ಕಷ್ಟ. "ಕಫ ಜಾಸ್ತಿಯಾದಾಗ ನೋಡೋಣ" ಎಂದವರಲ್ಲಿಗೆ ನಾವು ಮತ್ತೆ ಹೋಗಲಿಲ್ಲ. ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ಅಲ್ವಾ? ಮೂರು ತಿಂಗಳಿಗೊಮ್ಮೆ ಗಂಟಲಿನಿಂದ ಸ್ವಾಬ್ ತೆಗೆಯುತ್ತೇವೆ ಎನ್ನುವವರು ಬೇಕಿತ್ತು.

ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಎರಡರಲ್ಲೂ ಈ ಕಾಯಿಲೆಯ ಮಕ್ಕಳನ್ನು ವರ್ಷಗಳಿಂದ ನೋಡುತ್ತಿದ್ದಾರೆ. ಹಾಸನದವರಾದ ನಮಗೆ ವೆಲ್ಲೂರೇ ಹತ್ತಿರ. ಅಲ್ಲಿಗೇ ಗಟ್ಟಿ ಮಾಡಿದ್ದು ಫಿಸಿಯೋಥೆರಪಿ ನೋಡಿದ ಮೇಲೆ. ಮೊದಲು ಉಪ್ಪುನೀರಿನ ನೆಬ್ಯುಲೈಸರ್, ಆಮೇಲೆ ಕಫ ಸಡಿಲವಾಗಲು ಬೆನ್ನು ತಟ್ಟುವುದು, ಅದೂ ಊಟಕ್ಕೆ ಮುಂಚೆ. ಅಲ್ಲಿನ ಫಿಸಿಯೋಥೆರಪಿಸ್ಟ್ ನನ್ನ ಅಂಗೈ ಹಿಡಿದು, ಬೆರಳು ಕೂಡಿಸಿ, ನಡುವೆ ಗುಳಿ ಬರುವಂತೆ ಮಾಡಿದರು. ಚಟ್ ಅಂದರೆ ಮಗುವಿಗೆ ನೋವು, ಡಬ್ ಅಂದರೆ ಸರಿ. ನನ್ನ ಕೈಯಿಂದ ಆ ಸದ್ದು ಬರುವ ತನಕ ಬಿಡಲಿಲ್ಲ. ದಿನಾ ಬೆಳಿಗ್ಗೆ ಸಂಜೆ ಮಾಡಬೇಕಾದವಳು ನಾನೇ ತಾನೆ.

ಅಪಾಯಿಂಟ್‌ಮೆಂಟ್ ತಗೊಳ್ಳುವಾಗ ಇನ್ನೊಂದು ವಿಷಯ ಕೇಳಿಕೊಳ್ಳಿ: ಮಕ್ಕಳನ್ನು ಬೇರೆ ಬೇರೆ ಕೂರಿಸುತ್ತಾರಾ? ಒಬ್ಬರಿಂದ ಒಬ್ಬರಿಗೆ ಸೋಂಕು ದಾಟಬಹುದು, ಹಾಗಾಗಿ ಈ ಕಾಯಿಲೆಯ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ಕೂರಿಸಬಾರದು.

ಊರಲ್ಲೂ ಒಬ್ಬರು ಬೇಕೇ ಬೇಕು. ಬೇಸಿಗೆಯಲ್ಲಿ ಬೆವರಿನ ಜೊತೆ ಉಪ್ಪು ಹೋಗಿ ಮಗು ಸುಸ್ತಾಗಿ ಮಲಗಿದರೆ ವೆಲ್ಲೂರಿಗೆ ಓಡಲು ಆಗುತ್ತದೆಯೇ? ನಮ್ಮ ಮಕ್ಕಳ ಡಾಕ್ಟರಿಗೆ, "ಅಲ್ಲಿನವರ ಜೊತೆ ನೀವು ಮಾತಾಡ್ತೀರಾ ಸರ್?" ಎಂದು ನೇರವಾಗಿ ಕೇಳಿದೆ. ಅವರು ಫೈಲ್ ತಗೊಂಡು ಓದಿದರು, ಅಲ್ಲಿನ ನಂಬರ್ ಬರೆದುಕೊಂಡರು. ಈಗ ಜ್ವರ ಬಂದರೆ ಹಳೆಯ ಕಲ್ಚರ್ ರಿಪೋರ್ಟ್ ನೋಡಿ, ಅಲ್ಲಿಗೆ ಫೋನ್ ಮಾಡಿಯೇ ಆಂಟಿಬಯೋಟಿಕ್ ಬರೆಯುತ್ತಾರೆ.